ಮರಿ ಚೀಪಿದ ಬೆರಳು

ನಮ್ಮ ಅತ್ತೆಯ ಬಲಗೈ ತೋರುಬೆರಳು ಉಗುರಿನ ಪಕ್ಕದಲ್ಲಿ ಸದಾ ಸೀಳಿರುತ್ತಿತ್ತು. ಬೇಸಿಗೆಯಲ್ಲೂ ಹಾಗೇ, ಚಳಿಯಲ್ಲೂ ಹಾಗೇ. ನಮ್ಮ ಬೋರಿನ ಗಡಸು ನೀರಿನಲ್ಲಿ ದಿನವಿಡೀ ಕೈಯಾಡಿಸಿದರೆ ಇನ್ನೇನಾಗುತ್ತದೆ? ಕೊಬ್ಬರಿ ಎಣ್ಣೆಯನ್ನಾದರೂ ಹಚ್ಚಿಕೊಳ್ಳಿ ಎಂದರೆ, "ಎಣ್ಣಿ ಕೈಲೆ ರೊಟ್ಟಿ ಬಡ್ಯಾಕ ಬರ್ತದೇನ ಬೇ?" ಎಂದು ನನ್ನನ್ನೇ ಕೇಳುತ್ತಿದ್ದರು.

ಅವರ ತವರು ದೇವದುರ್ಗದ ಕಡೆ, ಕುರಿ ಸಾಕುವ ಮನೆ. ಕೊಟ್ಟದ್ದು ಮಾನ್ವಿಗೆ. ಮಾವ ತೀರಿಕೊಂಡ ಮೇಲೆ ರಾಯಚೂರಿನಲ್ಲಿ ನಮ್ಮ ಜೊತೆ ಇದ್ದರು. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ಅಳತೆ ಕೊಡಲು ಬಂದ ಹೆಂಗಸರನ್ನು ಕೆಣಕುವುದು ಅತ್ತೆಯ ಕೆಲಸ. "ಹ್ವಾದ ಸಲಕ್ಕಿಂತ ದಪ್ಪ ಆಗೀಯಲ್ಲವಾ, ಗಂಡಗ ಏನರ ಉಳಸ್ತೀಯೋ, ಎಲ್ಲಾ ನೀನ ಉಣ್ತೀಯೋ?" ಗಿರಾಕಿಗಳು ನಗುತ್ತಿದ್ದರು, ನಾನು ಹಲ್ಲು ಕಚ್ಚಿಕೊಂಡು ಮಶೀನು ತುಳಿಯುತ್ತಿದ್ದೆ. ನಮ್ಮಿಬ್ಬರ ನಡುವೆ ದಿನಕ್ಕೊಂದಾದರೂ ಕಿರಿಕಿರಿ ಇಲ್ಲದೆ ಸಂಜೆಯಾಗುತ್ತಿರಲಿಲ್ಲ.

ನಾಯಿಮರಿ ಬಂದದ್ದು ನನ್ನ ಮಗಳ ಹಟಕ್ಕೆ. ಆಗ ಅವಳಿನ್ನೂ ಸಣ್ಣವಳು. ನಾನು ಬೇಡವೆಂದೆ, ಗಂಡ ನೋಡೋಣವೆಂದರು. ಅತ್ತೆ ಯಾರನ್ನೂ ಕೇಳದೆ ತವರಿಗೆ ಹೋಗಿ, ಕಂಬಳಿ ತುಂಡಿನಲ್ಲಿ ಸುತ್ತಿದ ಮರಿಯನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದ್ದರು. ರಾಯಚೂರಿಗೆ ಹತ್ತಿರದ ಕಲ್ಮಲ ಬರುವವರೆಗೆ ಮಲಗಿದ್ದ ಮರಿ ಅಲ್ಲಿ ಎದ್ದು ಕುಂಯ್ ಎಂದಿತಂತೆ. ಕಂಡಕ್ಟರ್ ಚೀಲದಲ್ಲಿ ಏನೆಂದು ಕೇಳಿದರೆ, "ಮೊಮ್ಮಗ. ಹಾಫ್ ಟಿಕೀಟು ಹರೀತಿಯೇನು?" ಎಂದರಂತೆ. ಆ ಕತೆಯನ್ನು ಓಣಿಯ ತುಂಬ ಹೇಳಿ ನಗಿಸಿದರು.

ತಾಯಿಯನ್ನು ಬಿಟ್ಟು ಬಂದ ಮರಿ ತಟ್ಟೆಯಲ್ಲಿಟ್ಟ ಹಾಲನ್ನು ಮೂಸಿಯೂ ನೋಡಲಿಲ್ಲ. ಅತ್ತೆ ನೆಲಕ್ಕೆ ಕೂತು, ತೋರುಬೆರಳನ್ನು ಹಾಲಿನಲ್ಲಿ ಅದ್ದಿ ಅದರ ಬಾಯಿಗಿಟ್ಟರು. ಮರಿ ಚೀಪತೊಡಗಿತು. ಬೆರಳನ್ನು ಮೆಲ್ಲಗೆ ತಗ್ಗಿಸುತ್ತ ತಟ್ಟೆಯೊಳಗೆ ಇಳಿಸಿದರು. ಮರಿಯ ಮೂತಿಯೂ ಅದರ ಹಿಂದೆಯೇ ಹಾಲಿಗೆ ಇಳಿಯಿತು. "ತಾಯಿ ಸತ್ತ ಕುರಿಮರಿಗೆ ಹಿಂಗ ಕಲಸ್ತೀವಿ. ಅದು ಮೊದಲು ಬೆರಳು ನಂಬ್ತದ, ಆಮ್ಯಾಲ ತಟ್ಟಿ ನಂಬ್ತದ." ತಟ್ಟೆ ನಂಬಿದ ಮೇಲೂ ಮರಿ ಬೆರಳು ಬಿಡಲಿಲ್ಲ. ಬೆಳಗಿನ ಚಹಾದ ಹೊತ್ತಿಗೆ ಅವರ ಸೆರಗು ಎಳೆದು ಬೆರಳು ಕೇಳುತ್ತಿತ್ತು. ಅವರೂ ಕೊಡುತ್ತಿದ್ದರು. ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಗಿತ್ತು. ಅಷ್ಟು ಮೆತ್ತಗಿನ ದನಿಯಲ್ಲಿ ಅವರು ನನ್ನನ್ನು ಎಂದೂ ಮಾತಾಡಿಸಿರಲಿಲ್ಲ.

ಮರಿ ಮನೆಗೆ ಹೊಂದಿಕೊಂಡಿತು ಎನ್ನುವಷ್ಟರಲ್ಲಿ ಮಂಕಾಯಿತು. ಹಾಲು ಬಿಟ್ಟಿತು. ಅತ್ತೆಯ ಹೊರಸಿನ ಕೆಳಗೆ ಕತ್ತಲಿಗೆ ಸರಿದು ಕೂತಿತು. ಹೊರಗೆ ಕರೆಯಲು ಹೋದ ಮಗಳ ಮುಂಗೈಗೆ ಬಾಯಿ ಹಾಕಿತು. ಆಳವಾದ ಗಾಯವೇನಲ್ಲ, ಎರಡು ಕೆಂಪು ಗೀರು. ಅದನ್ನು ಎತ್ತಿ ಆಚೆ ಇಡಲು ಹೋದ ನನಗೂ ಒಂದು ಗೀರು ಬಿತ್ತು.

ಪಕ್ಕದ ಮನೆಯಾಕೆ ಖಾರದಪುಡಿ ಸುಣ್ಣ ಹಿಡಿದು ಓಡಿಬಂದಳು. ಅತ್ತೆ ಅವಳ ಕೈಯನ್ನು ತಳ್ಳಿ, ಮಗಳನ್ನು ನಲ್ಲಿಯ ಕೆಳಗೆ ಎಳೆದುಕೊಂಡು ಹೋಗಿ, ಸಾಬೂನು ಹಚ್ಚಿ ತೊಳೆದೇ ತೊಳೆದರು. ಮಗು ಚೀರಿದರೂ ಬಿಡಲಿಲ್ಲ. ನನ್ನ ಗಂಡ, "ಯವ್ವಾ, ಸಣ್ಣ ಮರಿ ಅದ, ಹಾಲುಹಲ್ಲು. ಏನಾಗ್ತದ?" ಎಂದರು.

"ನಮ್ಮ ತಮ್ಮಗ ನಾಯಿ ಕಡದಾಗೂ ಹಿಂಗ ಅಂದಿದ್ರು," ಎಂದರು ಅತ್ತೆ. "ಗಾಯಕ್ಕ ಖಾರ ತುಂಬಿ, ಬೇರು ಕುಡಸಿ ಕುಂತ್ರು. ಕಡೀಕ ನೀರಿನ ತಂಬಿಗಿ ನೋಡಿ ಚಿಟ್ಟನ ಚೀರ್ತಿದ್ದ. ಬಾಗಲದಾಗ ನಿಂತು ನಾ ನೋಡೀನಿ. ಆಟೋ ಕರಕೊಂಡು ಬಾ ಹೋಗು."

ಅದೇ ಆಟೋದಲ್ಲಿ ನಾವೆಲ್ಲ ದವಾಖಾನೆಗೆ ಹೋದೆವು. ಡಾಕ್ಟರು ನನಗೂ ಮಗಳಿಗೂ ಸೂಜಿ ಹಾಕಿ, ಮನೆಯಲ್ಲಿ ಇನ್ನಾರಿಗಾದರೂ ಕಚ್ಚಿದೆಯೇ ಎಂದು ಕೇಳಿದರು. ಇಲ್ಲವೆಂದು ಅತ್ತೆಯೇ ಹೇಳಿದರು. ಆಚೆ ಬಂದ ಮೇಲೆ ನಾನು, "ಅತ್ತೀ, ನಿಮ್ಮ ಸೀಳಿದ ಬೆರಳು ದಿನಾ ಅದರ ಬಾಯಾಗ ಇರ್ತಿತ್ತಲ್ರೀ, ನೀವೂ ಹಾಕಿಸ್ಕೋರಿ," ಎಂದೆ. ಅವರಿಗೆ ನಗು ಬಂತು. "ಅದು ಕಡದಿಲ್ಲ ಬೇ, ಹಾಲು ಚೀಪ್ಯದ. ನಾನಾಗೇ ಕೊಟ್ಟ ಬೆರಳಿಗೆ ಸೂಜಿ ಎದಕ್ಕ?" ಎಂದರು. ನಾನು ಮತ್ತೊಮ್ಮೆ ಹೇಳಿದೆ. ಗಂಡನೂ ಹೇಳಿದರು. ಅವರು ಆಟೋ ಹತ್ತಿ ಕೂತುಬಿಟ್ಟರು. ಸಾವಿರ ಕುರಿಮರಿ ಚೀಪಿದ ಬೆರಳದು. ಚೀಪುವ ಬಾಯಿಯಿಂದ ಕೇಡು ಬರಬಹುದೆಂಬುದು ಅವರ ತಲೆಗೆ ಹೋಗಲೇ ಇಲ್ಲ.

ಮರಿ ಸತ್ತಿತು. ಅತ್ತೆ ತವರಿಗೆ ಫೋನು ಹಚ್ಚಿದಾಗ ಸಂಗತಿ ತಿಳಿಯಿತು. ಅವರು ಮರಿ ತರುವ ಮುಂಚೆ ಹುಚ್ಚುನಾಯಿಯೊಂದು ಹಟ್ಟಿಗೆ ನುಗ್ಗಿ ನಾಯಿಮರಿಗಳ ಮೇಲೆ ಬಿದ್ದಿತ್ತಂತೆ. ಯಾರೂ ಅದನ್ನು ದೊಡ್ಡದು ಮಾಡಿರಲಿಲ್ಲ. ನಾವು ಮತ್ತೆ ಸೂಜಿಯ ಮಾತೆತ್ತಿದರೆ, "ನನಗ ಕಡದಿಲ್ಲ," ಎಂದು ಅತ್ತೆಯದು ಅದೇ ಮಾತು. ಅಂದಿನಿಂದ ಅತ್ತೆಗೆ ಮಗಳದೊಂದೇ ಧ್ಯಾಸ. ಸೂಜಿಯ ದಿನ ಬಂದರೆ ಬೆಳಗ್ಗೆಯೇ ಜಡೆ ಹಾಕಿ ತಯಾರು ಮಾಡುತ್ತಿದ್ದರು. ಮಗಳು ಅತ್ತರೆ ತಾವೂ ಅಳುತ್ತಿದ್ದರು, ಆದರೆ ಹಿಡಿದ ಕೈ ಬಿಡುತ್ತಿರಲಿಲ್ಲ. ಕೊನೆಯ ಸೂಜಿಯಾದ ದಿನ ಹೋಳಿಗೆ ಮಾಡಿ, ಗಿರಾಕಿಗಳಿಗೂ ಕರೆಕರೆದು ಕೊಟ್ಟರು.

ಬೆರಳು ಜುಮುಜುಮು ಎನ್ನುತ್ತಿದೆ ಎಂದದ್ದು ಆಮೇಲೆ. ಎಂದೂ ಎಣ್ಣೆ ಮುಟ್ಟದವರು ತಾವೇ ಎಣ್ಣೆ ಕೇಳಿ ಹಚ್ಚಿಕೊಂಡರು. ನಾನು ದವಾಖಾನೆಗೆ ಹೋಗೋಣವೆಂದರೆ ಎಣ್ಣೆಯ ಬಟ್ಟಲನ್ನು ನನ್ನ ಕಡೆಗೆ ಸರಿಸಿದರು. ಮರುದಿನ ಬೆಳಗ್ಗೆ ಚಹಾದ ಲೋಟವನ್ನು ತುಟಿಯವರೆಗೆ ಒಯ್ದು ಕೆಳಗಿಟ್ಟರು. ಫ್ಯಾನು ಆರಿಸಲು ಹೇಳಿದರು. "ನನ್ನ ತಮ್ಮನೂ ಹಿಂಗ ಗಾಳಿಗಿ ಮುಖ ತಿರುವ್ತಿದ್ದ," ಎಂದರು. ಅಷ್ಟು ಹೇಳಿ ತಾವೇ ಎದ್ದು, ತಮ್ಮ ತಟ್ಟೆ, ಲೋಟ, ಹಾಸಿಗೆ ಎಲ್ಲ ಬೇರೆ ಇಟ್ಟುಕೊಂಡರು. ಮಗಳು ಹತ್ತಿರ ಬಂದರೆ ಕೈಯೆತ್ತಿ ತಡೆದರು. ಅಜ್ಜಿಗೆ ತನ್ನ ಮೇಲೆ ಸಿಟ್ಟೇ ಎಂದು ಮಗಳು ನನ್ನನ್ನು ಕೇಳಿದಳು.

ದವಾಖಾನೆಯ ಕೋಣೆಯಲ್ಲಿ ಅವರು ತಿಳಿವಿನಲ್ಲಿದ್ದಾಗ ನನ್ನನ್ನು ಕೇಳಿದ್ದು ಒಂದೇ.

"ಯವ್ವಾ, ಕೂಸಿಗಿ ಸೂಜಿ ಎಲ್ಲಾ ಆಗ್ಯಾವಲ್ಲ?"

"ಎಲ್ಲಾ ಆಗ್ಯಾವ್ರೀ ಅತ್ತಿ."

"ಹಂಗಾರ ಮುಗೀತು. ಆ ಮರಿ ಮ್ಯಾಲ ಸಿಟ್ಟು ಮಾಡಬ್ಯಾಡ್ರಿ. ಅದಕ್ಕೇನು ಗೊತ್ತು ಪಾಪ." ಅವರ ಬಾಯಲ್ಲಿ ನಾನು 'ಬೇ' ಹೋಗಿ 'ಯವ್ವಾ' ಆದದ್ದು ಆ ದಿನ. ಆಮೇಲೆ ಅವರು ಬಹಳ ಹೊತ್ತು ಉಳಿಯಲಿಲ್ಲ.

ಅಂದಿನಿಂದ ನಾಯಿ ಕಂಡರೆ ಆಚೆ ಬದಿಗೆ ಸರಿದು ನಡೆಯುತ್ತಿದ್ದವಳು ನಾನು. ಮಗಳು ಮಾತ್ರ ಅಂಜಲಿಲ್ಲ. ಈಗ ಎತ್ತರಕ್ಕೆ ಬೆಳೆದಿದ್ದಾಳೆ. ಮೊನ್ನೆ ಚರಂಡಿಯ ಪಕ್ಕದಿಂದ ಒಂದು ಮರಿ ಎತ್ತಿಕೊಂಡು ಬಂದಳು. ನಾನು ಬೈಯಲು ಬಾಯಿ ತೆರೆದೆ, ಮರಿಯ ಮೇಲೆ ಸಿಟ್ಟು ಬೇಡವೆಂದ ಅತ್ತೆಯ ಮಾತು ನೆನಪಾಗಿ ಮುಚ್ಚಿಕೊಂಡೆ. ಒಳಗೆ ಬಿಡುವ ಮೊದಲು ಅದನ್ನು ಪಶು ದವಾಖಾನೆಗೆ ಒಯ್ದು ತೋರಿಸಿ, ಯಾವ ಯಾವ ಸೂಜಿ ಯಾವಾಗ ಎಂದು ಕೇಳಿಕೊಂಡು ಬಂದೆವು.

ಈ ಮರಿಯೂ ತಟ್ಟೆಯ ಹಾಲು ಮುಟ್ಟಲಿಲ್ಲ. ಮಗಳು ಅಜ್ಜಿಯ ಹಾಗೆಯೇ ನೆಲಕ್ಕೆ ಕೂತು, ತೋರುಬೆರಳನ್ನು ಹಾಲಿನಲ್ಲಿ ಅದ್ದಿದಳು. ನಾನು ಮಶೀನು ಬಿಟ್ಟು ಓಡಿ ಅವಳ ಕೈ ಹಿಡಿದೆ. ಟ್ರಂಕಿನಿಂದ ಅತ್ತೆಯ ಹಳೆಯ ಸೀರೆ ತೆಗೆದು, ಅಂಚು ಬಿಟ್ಟು ಮೆತ್ತಗಿದ್ದ ಕಡೆ ಒಂದು ತುಂಡು ಕತ್ತರಿಸಿದೆ. ಅದನ್ನು ಹೊಸೆದು, ಬೆರಳಷ್ಟು ದಪ್ಪ ಮಾಡಿ, ಬಿಚ್ಚದಂತೆ ಎರಡು ಹೊಲಿಗೆ ಹಾಕಿ ಮಗಳ ಕೈಗೆ ಕೊಟ್ಟೆ. ಅವಳು ಅದನ್ನು ಹಾಲಿನಲ್ಲಿ ಅದ್ದಿ ಮರಿಯ ಬಾಯಿಗಿಟ್ಟಳು. ಮರಿ ಮೂಸಿತು, ಹಿಂದೆ ಸರಿಯಿತು, ಮತ್ತೆ ಬಂದು ಚೀಪತೊಡಗಿತು.

"ಮೆಲ್ಲಕ ಕೆಳಗ ಇಳಸು," ಎಂದೆ. "ನಿಮ್ಮಜ್ಜಿ ಹಂಗ ಮಾಡ್ತಿದ್ರು."