ಮೆತ್ತಗಾದ ಮಾತು

ಪರದೇಶದ ಬಡಾವಣೆಯಾದ ಪೆಂಡಲ್ ಹಿಲ್‌ನ ಯಾವ ತಮಿಳರ ಮನೆಯಲ್ಲಾದರೂ ಬಚ್ಚಲಿನ ಟೈಲ್ಸ್ ಏರುಪೇರಿಲ್ಲದೆ ಕೂತಿದ್ದರೆ ಅದು ಕುಗದಾಸನ್ ಕೈಕೆಲಸ ಎಂದು ಕಣ್ಣು ಮುಚ್ಚಿ ಹೇಳಬಹುದು. ಕೆಲಸ ಚೊಕ್ಕ, ಮಾತು ಕಡಿಮೆ. ಮುಲ್ಲೈತೀವಿನ ಮೀನುಗಾರರ ಮಗ. ಆಶ್ರಯ ಕೇಳಿ ಹಾಕಿದ್ದ ವೀಸಾ ಅರ್ಜಿಯನ್ನು ಸರ್ಕಾರ ತಳ್ಳಿಹಾಕಿತ್ತು. ಮೇಲ್ಮನವಿ ಕೇಳಿದ ಮಂಡಳಿಯೂ ತಳ್ಳಿಹಾಕಿತ್ತು. ಇನ್ನು ಉಳಿದಿದ್ದು ಕೋರ್ಟು ಒಂದೇ. ಅಲ್ಲೂ ಸೋತರೆ ಕೊಲಂಬೊ ವಿಮಾನ, ಅವನನ್ನು ಕೂಡಿಹಾಕಿದ್ದ ಸೇನಾ ಕ್ಯಾಂಪಿನ ಅದೇ ಸಿಪಾಯಿಗಳು.

ಮಂಡಳಿಯ ಮುಂದೆ ದುಭಾಷಿಯಾಗಿ ಕೂತಿದ್ದವರು ಪುನಿತವತಿ ಅಕ್ಕ. ಹಣೆಯ ಮೇಲೆ ವಿಭೂತಿ, ಥೇಟ್ ಅವನ ಚಿಕ್ಕಮ್ಮನ ಮುಖ. ಶುಕ್ರವಾರ ಮುರುಗನ್ ಗುಡಿಯಲ್ಲಿ ಅವನ ಎಲೆಗೆ ಪೊಂಗಲ್ ಬಡಿಸುವ ಕೈ. ಕ್ಯಾಂಪಿನಲ್ಲಿ ಏನು ಮಾಡಿದರು ಎಂದು ಕೇಳಿದಾಗ ಅವನು ನೆಲ ನೋಡುತ್ತ, "ನನ್ನ ಮಾನ ತೆಗೆದ್ರು" ಎಂದ. ಅದಕ್ಕಿಂತ ಬಿಚ್ಚಿ ಹೇಳಲು ಆ ಮುಖದ ಮುಂದೆ ನಾಲಿಗೆ ಏಳಲಿಲ್ಲ. ಅಕ್ಕ ಒಂದು ಗುಟುಕು ನೀರು ಕುಡಿದು ಇಂಗ್ಲಿಷಿನಲ್ಲಿ ಹೇಳಿದ್ದು, ಇವನಿಗೆ ಅವಮಾನ ಮಾಡಿದರು ಅಂತ.

ಇನ್ಸಲ್ಟ್ ಅಂದರೇನೆಂದು ಅವನಿಗೆ ಗೊತ್ತಿತ್ತು. ಮೇಸ್ತ್ರಿ ದಿನಾ ಮಾಡುತ್ತಿದ್ದ. ಅಲ್ಲ ಅಕ್ಕಾ, ಅದಲ್ಲ, ಎನ್ನಬಹುದಿತ್ತು. ಅನ್ನಲಿಲ್ಲ. ಅಷ್ಟೇ ಅಲ್ಲ, ಒಳಗೊಳಗೇ ಬದುಕಿದೆ ಅನ್ನಿಸಿತ್ತು. ಆದ ಅನಾಹುತಕ್ಕಿಂತ ಈ ಸಮಾಧಾನವೇ ಅವನಿಗೆ ಆಮೇಲೆ ಹೆಚ್ಚು ನಾಚಿಕೆ ತಂದಿತು. ಬರೀ ಅವಮಾನ ಆದವರಿಗೆಲ್ಲ ಆಶ್ರಯ ಕೊಡಲಾಗದು ಎಂದು ಮಂಡಳಿ ಬರೆಯಿತು. ಅದರಲ್ಲಿ ತಪ್ಪೇನು?

ಆ ದಿನದ ಧ್ವನಿಮುದ್ರಿಕೆಯನ್ನು ಇನ್ನೊಬ್ಬ ದುಭಾಷಿಗೆ ಕೇಳಿಸಿ ಹುಳುಕು ಹಿಡಿದವಳು ಲಾಯರ್ ಡೆಸ್ಪಿನಾ.

"ನಿನಗೆ ಆಶ್ರಯ ಕೊಡಬೇಕಾ ಬೇಡ್ವಾ ಅಂತ ಜಡ್ಜ್ ನೋಡಲ್ಲ. ವಿಚಾರಣೆ ಸರಿಯಾಗಿ ನಡೀತಾ ಅಂತ ಅಷ್ಟೇ ನೋಡೋದು. ನೀನು ಹೇಳಿದ್ದು ಅವರ ಕಿವಿಗೇ ಬಿದ್ದಿಲ್ಲ. ಈ ಮಾತೊಂದೇ ನಮ್ಮ ಕೇಸು. ತುಂಬಿದ ಕೋರ್ಟಲ್ಲಿ ಬಿಡಿಸಿ ಹೇಳ್ತೀನಿ. ಆಗ್ಬಹುದಾ?"

ಅವನು ತಲೆಯಾಡಿಸಿದ. ಆದರೆ ಸೆಲ್ಲತ್ತುರೈ ಮಾಮ ಕೋರ್ಟಿಗೆ ಬರುವುದನ್ನು ತಡೆಯುವುದು ಹೇಗೆ? ಮಾಮ ಅವನು ಬಾಡಿಗೆಗಿದ್ದ ಮನೆಯ ಮಾಲೀಕ. ಮಗಳು ತಾರಣಿಯನ್ನು ಇವನಿಗೇ ಕೊಡಬೇಕೆಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡು, ಆಗಲೇ ಬಾಯ್ತುಂಬ ಅಳಿಯಾ ಎಂದು ಕರೆಯುತ್ತಿದ್ದ ಮನುಷ್ಯ.

"ನೀವ್ಯಾಕೆ ಬಿಡಿ ಮಾಮಾ, ಬೇಜಾರಾಗತ್ತೆ."

"ಏನ್ ಅಳಿಯಾ, ಹೆಣ್ ಕೊಡೋ ಮಾವ ಕೋರ್ಟಿಗೆ ಬರ್ಬಾರ್ದಾ? ನನ್ನ ಮೀಸೆ ನೋಡಿದ್ರೆ ಸಾಕು, ಜಡ್ಜ್ ಎದ್ದ್ ನಿಂತ್ಕೊಂಡು ವೀಸಾ ಕೊಡ್ತಾನೆ!"

ಬೇಡ ಎನ್ನಲು ಕಾರಣ ಹೇಳಬೇಕಿತ್ತು. ಕಾರಣವೇ ಆ ಮಾತು. ಮಾಮ ವಡೆಯ ಪೊಟ್ಟಣ ಹಿಡಿದು ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತ.

ಡೆಸ್ಪಿನಾ ಎರಡನೆಯ ದುಭಾಷಿಯ ಹೇಳಿಕೆ ಓದಿದಳು. ಮಾನ ತೆಗೆದರು ಎಂಬ ಮಾತನ್ನು ತಮಿಳಿನಲ್ಲಿ ಹೆಂಗಸೊಬ್ಬಳು ಹೇಳಿದರೆ ಏನಾಯಿತೆಂದು ಯಾರೂ ಎರಡನೆಯ ಸಲ ಕೇಳುವುದಿಲ್ಲ. ಈ ಗಂಡಸು ಹೇಳಿದ್ದೂ ಅದನ್ನೇ. ಹಾಗೆಂದು ಅದಕ್ಕೆ ಇಂಗ್ಲಿಷಿನಲ್ಲಿರುವ ನೇರ ಪದವನ್ನು ಉಚ್ಚರಿಸಿದಳು. ಹಿಂದೆ ಪೊಟ್ಟಣದ ಕಾಗದ ಸದ್ದಾಯಿತು. ಬಾಗಿಲು ತೆರೆದು ಮುಚ್ಚಿತು. ಕುಗದಾಸನ್ ತಿರುಗಿ ನೋಡಲಿಲ್ಲ. ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಮಧ್ಯಾಹ್ನವೇ ತೀರ್ಪಾಯಿತು. ಮಂಡಳಿಯ ನಿರ್ಣಯ ರದ್ದು. ಮಂಡಳಿಯ ಹೊಸ ಸದಸ್ಯರು ಮೊದಲಿಂದ ವಿಚಾರಿಸಬೇಕು. ಡೆಸ್ಪಿನಾ ಖುಷಿಯಿಂದ ಅವನ ಕೈ ಕುಲುಕಿದಳು. ಅವನಿಗೆ ಹೊಳೆದದ್ದು ಇಷ್ಟೇ: ಗೆದ್ದದ್ದಕ್ಕೆ ಬಹುಮಾನ, ಅದನ್ನು ಇನ್ನೊಮ್ಮೆ ಹೇಳುವುದು. ಈ ಸಲ ಬಿಚ್ಚಿ, ತನ್ನ ಬಾಯಿಂದಲೇ.

ಮಾಮ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ. ಪೊಟ್ಟಣ ಹಾಗೇ ಇತ್ತು.

"ಗೆದ್ಯಾ?"

"ಗೆದ್ದೆ ಮಾಮಾ. ಮತ್ತೆ ಮೊದ್ಲಿಂದ ಹೇಳ್ಬೇಕಂತೆ."

ಮಾಮ ಮೀಸೆ ತೀಡಲಿಲ್ಲ, ತಮಾಷೆ ಮಾಡಲಿಲ್ಲ. ಪೊಟ್ಟಣ ಬಿಚ್ಚಿ ವಡೆ ಅವನ ಕೈಯಲ್ಲಿಟ್ಟ. ಆ ಕಣ್ಣಲ್ಲಿ ನೀರೂ ಇತ್ತು, ಪ್ರೀತಿಯೂ ಇತ್ತು.

"ತಿನ್ನು ತಂಬಿ, ಬೆಳಗಿಂದ ಏನೂ ತಿಂದಿಲ್ಲ. ಅಲ್ಲಿಗೂ ನಾನು ಬರ್ಲಾ, ತಂಬಿ?"

ತಂಬಿ, ಅಂದರೆ ತಮ್ಮ, ಅಷ್ಟೇ. ಅಳಿಯಾ ಎನ್ನಲಿಲ್ಲ. ಬಾಯಿ ತಪ್ಪಿಯೂ ಎನ್ನಲಿಲ್ಲ.

"ಬನ್ನಿ ಮಾಮಾ," ಎಂದ ಕುಗದಾಸನ್, ವಡೆಯನ್ನೇ ನೋಡುತ್ತ. "ಹೊರಗಡೆ ಕೂತಿರಿ."