ಮರಿಯವ್ವನನ್ನು ಕೂರಿಸಿದ ಬೆಳಗು

ಮರಿಯವ್ವ ತೀರಿಕೊಂಡ ದಿನ ವಿನೋಬನಗರದ ಆ ಓಣಿಯ ಹೆಂಗಸರು ಬೆಳಕು ಹರಿಯುವ ಮೊದಲೇ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿದರು. ಹೀಗೆ ಮಾಡಿ ಎಂದು ಯಾರೂ ಹೇಳಲಿಲ್ಲ, ಮಾಡೋಣವೇ ಎಂದು ಯಾರೂ ಕೇಳಲಿಲ್ಲ. ತಮ್ಮ ಮನೆಯ ಹಿರಿಯರಿಗೆಲ್ಲ ಮಾಡಿ ರೂಢಿಯಾದದ್ದನ್ನು ಕೈಗಳು ತಾವಾಗಿಯೇ ಮಾಡಿದವು. ಪಕ್ಕದ ಮನೆಯ ನಿರ್ಮಲಮ್ಮ ಹಲಗೆ ತಂದಳು. ಕಾಲು ಮಡಿಸಿ ಚಕ್ಕಳಮಕ್ಕಳ ಹಾಕಿಸಿದಳು. ತಲೆ ವಾಲದಂತೆ ಬಿಳಿ ಸೀರೆಯ ಅಂಚು ಹರಿದು ಗೋಡೆಯ ಮೊಳೆಗೆ ಕಟ್ಟಿ, ಚೆಂಡುಹೂವಿನ ಹಾರ ಹಾಕಿದಳು. ವಿಭೂತಿ ಗಟ್ಟಿ ಹಿಡಿದ ಕೈ ಮಾತ್ರ ಹಣೆಯ ಹತ್ತಿರ ಹೋಗಿ ನಿಂತಿತು. ಇದು ಬೇಡವೇನೋ ಅನಿಸಿತು. ಎಡ ಅಂಗೈಯಲ್ಲಿ ಲಿಂಗವಿಡುವ ಜಾಗಕ್ಕೆ ಮರಿಯವ್ವನ ಶಿಲುಬೆಯ ಜಪಮಾಲೆಯನ್ನೇ ಸುರುಳಿ ಸುತ್ತಿ ಇಟ್ಟಳು.

"ಚೆಂದ ಕಾಣ್ತಾಳ ನೋಡ್ರಿ," ಅಂದ ಓಣಿಯ ಹಿರಿಯ ಬಕ್ಕೇಶಪ್ಪ. "ಮಾತಾಡಾಕ ಕುಂತಂಗ ಐತೆ."

ಹಾಗೆಯೇ ಇತ್ತು. ದಾವಣಗೆರೆ ಜಿಲ್ಲೆಯಾದ ಮರುವರ್ಷದ ಚಳಿಗಾಲ ಅದು. ಕಿಟಕಿಯಿಂದ ಬಂದ ಎಳೆಬಿಸಿಲಿನಲ್ಲಿ ಎಲ್ಲಿಂದಲೋ ಹಾರಿ ಬಂದ ಹತ್ತಿಯ ನವಿರು ಎಳೆಗಳು ಇಳಿಯಲೂ ಮನಸ್ಸಿಲ್ಲದೆ, ಏರಲೂ ಮನಸ್ಸಿಲ್ಲದೆ ತೇಲುತ್ತಿದ್ದವು. ಒಂದು ಎಳೆ ಮರಿಯವ್ವನ ರೆಪ್ಪೆಯ ಮೇಲೆ ಕೂತಿತು. ಅವಳು ಕಣ್ಣು ಪಿಳುಕಿಸುತ್ತಾಳೆಂದು ನಿರ್ಮಲಮ್ಮ ಕಾದಳು.

ಹರಿಹರದ ಚರ್ಚಿನ ಗಂಟೆ ಕೇಳುವಷ್ಟು ಹತ್ತಿರದ ಮನೆಯಲ್ಲಿ ಹುಟ್ಟಿದವಳು ಮರಿಯವ್ವ. ಹತ್ತಿ ಗಿರಣಿಯ ಕೆಲಸಗಾರನನ್ನು ಮದುವೆಯಾಗಿ ಈ ಓಣಿಗೆ ಬಂದಳು. ಗಿರಣಿ ಮುಚ್ಚಿತು, ಗಂಡ ಹೋದ, ಮಕ್ಕಳಾಗಲಿಲ್ಲ. ಖಾಸಗಿ ಆಸ್ಪತ್ರೆಯೊಂದರಲ್ಲಿ ಆಯಾ ಆದಳು. ಅಲ್ಲಿ ದುಡಿದು ಬಂದ ಮೇಲೆ ಓಣಿಯ ಬಾಣಂತಿಯರ ಮನೆಗೆ ಹೋಗಿ ಕೂಸುಗಳಿಗೆ ಎರೆಯುತ್ತಿದ್ದಳು. ನಿರ್ಮಲಮ್ಮನ ಮಕ್ಕಳು ಸಂತೋಷ, ಪೂಜಾ ಇಬ್ಬರೂ ಅವಳ ಚಾಚಿದ ಕಾಲುಗಳ ಮೇಲೆ ಮಲಗಿ ಎಣ್ಣೆನೀರು ಕಂಡವರೇ.

ಭಾನುವಾರ ಬಿಳಿ ಸೀರೆಯುಟ್ಟು, ತಲೆತುಂಬ ಸೆರಗು ಹೊದ್ದು ಚರ್ಚಿಗೆ ಹೊರಟರೆ ಪ್ರತಿ ಬಾಗಿಲಲ್ಲೂ ಒಬ್ಬರು ತಡೆಯುತ್ತಿದ್ದರು. "ನಮ್ದೂ ಒಂದ್ ಮಾತು ಹೇಳು ಮರಿಯವ್ವ, ಹುಡುಗಿಗೆ ವರ ಸಿಕ್ಕವಲ್ದು."

"ನಿಮ್ ಓಣೇರ್ದು ಬಾಳ ಆತು ಕಣ್ರೇ. ನನ್ ಕಂಡ್ರೆ ಚರ್ಚಿನ ಮಾತೆ ಕಿವಿ ಮುಚ್ಕಂತಾಳ," ಎಂದು ನಗುತ್ತ ಹೋಗುತ್ತಿದ್ದಳು. ಆದರೆ ಒಬ್ಬರದನ್ನೂ ಮರೆಯುತ್ತಿರಲಿಲ್ಲ. ಹಿಂತಿರುಗುವಾಗ ಅದೇ ಬಾಗಿಲುಗಳಲ್ಲಿ ನಿಂತು, "ಹೇಳೀನಿ, ನೋಡಾನ," ಅನ್ನುತ್ತಿದ್ದಳು. ಆ "ನೋಡಾನ" ಕೇಳಿದರೆ ಸಾಕು, ಕೆಲಸ ಅರ್ಧ ಆದಂತೆ ಅನಿಸುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಅವಳ ತಮ್ಮ ಇನ್ನಾಸಪ್ಪ ಹರಿಹರದಿಂದ ವ್ಯಾನಿನಲ್ಲಿ ಬಂದ. ಜೊತೆಗೆ ಚರ್ಚಿನ ನಾಲ್ಕು ಜನ, ಹೊಸ ಮರದ ವಾಸನೆಯ ಉದ್ದನೆಯ ಪೆಟ್ಟಿಗೆ. ಅವನು ಒಳಗೆ ಕಾಲಿಟ್ಟು ಅಕ್ಕನನ್ನು ನೋಡಿದ. ಮುಟ್ಟಿದ. ಮೊಣಕಾಲು ಹಿಡಿದು ಮೆಲ್ಲಗೆ ಒತ್ತಿದ. ಕಲ್ಲಿನ ಹಾಗಿತ್ತು.

"ಯಾಕ ಹಿಂಗ್ ಮಾಡೀರಿ? ನಾವು ಮಲಗಿಸ್ತೀವಲ್ರೀ," ಅಂದ. ಸಿಟ್ಟಿರಲಿಲ್ಲ, ಅಳು ಇತ್ತು. "ಈಗ ಪೆಟ್ಟಿಗ್ಯಾಗ ಹೆಂಗ್ ಇಡ್ಲಿ?"

"ಮಲಗ್ಸಾದು ರೋಗಿಷ್ಟರನ್ನ..." ಎಂದು ಶುರು ಮಾಡಿದ ಬಕ್ಕೇಶಪ್ಪ ಅವನ ಮುಖ ನೋಡಿ ಪಕ್ಕಕ್ಕೆ ಸರಿದ.

ನಿರ್ಮಲಮ್ಮ ತಾನು ಮಡಿಸಿದ ಆ ಕಾಲುಗಳನ್ನೇ ನೋಡಿದಳು. ಮರಿಯವ್ವನದು ಒಂದೇ ಕೋಣೆ. ಅದರಲ್ಲೂ ಗಂಡ ಸತ್ತು ದಿಕ್ಕಿಲ್ಲದೆ ಬಂದ ಮಾಬೂಬೀಗೆ ಅರ್ಧ ಬಿಟ್ಟುಕೊಟ್ಟಿದ್ದಳು. ಮಾಬೂಬೀಗೆ ಬೇರೆ ಮನೆಯಾದ ಮೇಲೂ ಆ ಜಾಗದಲ್ಲಿ ಯಾರದೋ ಗಂಟುಮೂಟೆ, ಯಾವಳೋ ಬಸುರಿ. ಮರಿಯವ್ವ ಮೂಲೆಯಲ್ಲಿ ಮುದುಡಿ ಮಲಗಿಯೇ ಕಾಲ ಕಳೆದಳು. "ಹರಿಹರದಾಗ ನನ್ನ ಗಂಡನ ಪಕ್ಕ ಜಾಗ ಐತೆ, ಅಲ್ಲಿ ಕಾಲು ಚಾಚ್ತೀನಿ ಬಿಡೇ," ಅನ್ನುತ್ತಿದ್ದಳು. ತನಗಾಗಿ ಅವಳು ಇಟ್ಟುಕೊಂಡಿದ್ದ ಆಸೆ ಅದೊಂದೇ. ಅದನ್ನು ಕೆಡಿಸಿದ್ದು ನನ್ನ ಕೈ, ಅಂದುಕೊಂಡಳು ನಿರ್ಮಲಮ್ಮ.

ಬಂದವರಲ್ಲೊಬ್ಬ ಇನ್ನಾಸಪ್ಪನ ಕಿವಿಯಲ್ಲಿ ಏನೋ ಹೇಳಿದ. ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕು, ಫಾದರ್ ಕಾಯುತ್ತಿದ್ದಾರೆ, ಸ್ವಲ್ಪ ಜೋರು ಮಾಡಿದರೆ...

"ಬ್ಯಾಡ," ಅಂದಳು ನಿರ್ಮಲಮ್ಮ. ತನ್ನ ದನಿ ತನಗೇ ಗುರುತು ಸಿಗಲಿಲ್ಲ. "ಮುರೀಬ್ಯಾಡ್ರಿ. ನಂಗ್ ಸ್ವಲ್ಪ ಹೊತ್ತು ಕೊಡ್ರಿ."

ಆಗ ತಾನೇ ಆವರಗೆರೆಯ ಮಗಳ ಮನೆಯಿಂದ ಓಡಿ ಬಂದಿದ್ದ ಮಾಬೂಬೀ ಬಾಗಿಲಲ್ಲಿ ನಿಂತು ಎಲ್ಲ ನೋಡಿದಳು. "ಒಂದಿನ ಊರಾಗಿಲ್ಲಾಂದ್ರೆ ಇಷ್ಟ್ ಮಾಡಿಟ್ಟೀರಾ?" ಎಂದು ಬೈದಳು, ಬೈಯುತ್ತಲೇ ಅತ್ತಳು. ಆಮೇಲೆ ಸೆರಗು ಸಿಕ್ಕಿಸಿ, "ನೀರು ಕಾಸು ನಿರ್ಮಲಾ. ಎಣ್ಣೆ ತಗೊಂಬಾ," ಅಂದಳು.

ಗಂಡಸರನ್ನು ಹೊರಗೆ ಕಳಿಸಿ ಬಾಗಿಲು ಮುಂದಕ್ಕೆ ಹಾಕಿದರು. ಹಂಡೆಯ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ ಮೊಣಕಾಲಿಗೆ ಸುತ್ತಿದರು. ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ, ಕೂಸಿನ ಕೀಲಿಗೆ ಮರಿಯವ್ವ ಹೇಗೆ ಹೆಬ್ಬೆರಳು ಸುತ್ತಿಸುತ್ತಿದ್ದಳೋ ಹಾಗೆ ಸುತ್ತಿಸಿದರು. ಆವಿ ಕೋಣೆಯ ತುಂಬ ಹರಡಿ ಗೋಡೆಗಳು ದೂರ ಸರಿದಂತಾದವು. ಈ ಮೊಣಕಾಲು, ಚರ್ಚಿನ ನೆಲದಲ್ಲಿ ಊರಿ ಊರಿ ಕಪ್ಪಗಾದದ್ದು. ಈ ಪಾದ, ಯಾರಿಗೆ ಬೇನೆ ಬಂದರೂ ಚಪ್ಪಲಿ ಮರೆತು ಆಟೋ ಹಿಂದೆ ಓಡಿದ್ದು. ಈ ಬೆರಳು, ಪೂಜಾ ಹುಟ್ಟಿದಾಗ ಅಳದೆ ನೀಲಿಗಟ್ಟಿದ ಅವಳ ಬಾಯೊಳಗೆ ಹೋಗಿ ಉಸಿರಿಗೆ ದಾರಿ ಮಾಡಿದ್ದು. ನಿರ್ಮಲಮ್ಮನಿಗೆ ತಾನು ಹೆಣ ತಿಕ್ಕುತ್ತಿದ್ದೇನೆ ಅನ್ನಿಸಲೇ ಇಲ್ಲ. ಯಾವುದೋ ನೀರಿನಡಿಯ ಮನೆಯಲ್ಲಿ ನಿಧಾನವಾಗಿ ಒಂದು ಹೂವು ಬಿಡಿಸುತ್ತಿದ್ದ ಹಾಗಿತ್ತು.

"ಹಠ ಬಿಡೇ ಮುದುಕಿ," ಮಾಬೂಬೀ ಗದರಿದಳು. "ಬದುಕಿದ್ದಾಗ ಯಾರ್ ಮಾತೂ ಕೇಳ್ಲಿಲ್ಲ, ಈಗಾರ ಕೇಳು."

ಬಹಳ ಹೊತ್ತಿನ ಮೇಲೆ ಬಲಗಾಲು ಬೆರಳಷ್ಟು ಸಡಿಲಿತು. ಆಮೇಲೆ ಇನ್ನಷ್ಟು. ಎಡಗಾಲು ಒಮ್ಮೆಲೇ ಒಪ್ಪಿಕೊಂಡಿತು. ಇಬ್ಬರೂ ಅವಳ ಬೆನ್ನಿಗೆ ಕೈಕೊಟ್ಟು ಮೆಲ್ಲನೆ ಮಲಗಿಸಿದರು. ಮಲಗಿಸಿ ನೋಡುತ್ತ ಕೂತರು. ಮರಿಯವ್ವ ಇಷ್ಟು ಎತ್ತರದವಳೆಂದು ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪಾದಗಳು ಹೆಚ್ಚುಕಡಿಮೆ ಹೊಸ್ತಿಲು ಮುಟ್ಟುತ್ತಿದ್ದವು.

ಬಾಗಿಲು ತೆಗೆದಾಗ ಇನ್ನಾಸಪ್ಪ ಅಕ್ಕನನ್ನು ನೋಡಿದ, ಎಣ್ಣೆಯಾದ ಅವರ ಕೈಗಳನ್ನು ನೋಡಿದ. "ವ್ಯಾನಿನಾಗ ಜಾಗ ಐತೆ. ನೀವೂ ಬರ್ರಿ," ಅಂದ.

ಹರಿಹರದ ಚರ್ಚಿನಲ್ಲಿ ಪೂಜೆ ಮುಗಿದು ಸ್ಮಶಾನಕ್ಕೆ ಬಂದಾಗ ಬಿಸಿಲು ಹಣ್ಣಾಗಿತ್ತು. ಹೊಳೆಯ ಕಡೆಯಿಂದ ತಣ್ಣನೆ ಗಾಳಿ ಬರುತ್ತಿತ್ತು. ನಿರ್ಮಲಮ್ಮ ಇಂಥ ಕುಣಿ ನೋಡಿರಲಿಲ್ಲ. ಅವಳ ಕಡೆಯವರದು ಕೂರಲು ಒಂದು ಗೂಡು. ಇದು ಹಾಸಿಗೆಯಷ್ಟು ಉದ್ದ. ಪೆಟ್ಟಿಗೆ ಇಳಿಯುವಾಗ ಅವಳಿಗೆ ತಡೆಯಲಾಗಲಿಲ್ಲ.

"ಇನ್ನಾಸಣ್ಣ, ಮಲಗಿದ್ರೆ ಆಕಿಗೆ ಏನೂ ಕಾಣಂಗಿಲ್ಲಲ್ರೀ?"

ಅವನು ಸ್ವಲ್ಪ ಯೋಚಿಸಿದ. "ನಮ್ಮಾಗ ದೇವ್ರು ಎಬ್ಬಸ್ತಾನ್ರೀ, ಒಂದಿನ. ಅಲ್ಲೀತನ ನಿದ್ದಿ."

"ಎಚ್ಚರ ಆದ್ರೆ ಯಾರ್ನ ಕರೀತಾಳೋ."

"ನಿಮ್ಮನ್ನೇ ಕರೀತಾಳ ಬಿಡ್ರಿ. ನಮ್ಮ ನೆನಪು ಆಕಿಗೆ ಯಾವಾಗಿತ್ತು?" ಎಂದು ಇನ್ನಾಸಪ್ಪ ಆ ದಿನದಲ್ಲಿ ಮೊದಲ ಸಲ ನಕ್ಕ. ಆಮೇಲೆ ನೆಂಟರೆಲ್ಲ ಹಿಡಿಮಣ್ಣು ಹಿಡಿದು ನಿಂತಿರುವಾಗ ಒಂದು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟ. "ಮೊದ್ಲು ನೀವಿಬ್ರು ಹಾಕ್ರಿ."

ನಿರ್ಮಲಮ್ಮ ಬಗ್ಗಿ ಮಣ್ಣು ಎತ್ತಿಕೊಂಡಳು. ಅದು ಇನ್ನೂ ತೊಳೆಯದ ಅಂಗೈಯ ಎಣ್ಣೆಗೆ ಅಂಟಿ ಬೇಗ ಉದುರಲಿಲ್ಲ. ಕೈ ಕೊಡವಲು ಅವಳಿಗೆ ಮನಸ್ಸಾಗಲಿಲ್ಲ. ಅದು ತಾನಾಗಿ ಬೀಳುವವರೆಗೂ ಎಲ್ಲರೂ ಕಾದರು.