ತಗಡಿನ ಡ್ಯೂಕ್

ನನ್ನ ಮಗಳು ನಾಲ್ಕನೇ ಕ್ಲಾಸಿನಲ್ಲಿ ವರ್ಷವಿಡೀ ಬಾಯಿ ಬಿಟ್ಟಿರಲಿಲ್ಲ. "ಇವಳಿಗೆ ಮಾತು ಬರುತ್ತದೆ ತಾನೇ?" ಎಂದು ಟೀಚರ್ ಕೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಕೊನೆಗೆ, ಮಕ್ಕಳೆಲ್ಲ ಇತಿಹಾಸದ ಒಬ್ಬೊಬ್ಬ ದೊರೆಯ ವೇಷ ಹಾಕಿ ಮಾತಾಡಬೇಕೆಂದು ಚೀಟಿ ಎತ್ತಿಸಿದರು. ನಮ್ಮ ಪಾಲಿಗೆ ಬಂದವನು ಮಧ್ಯಯುಗದ ಜರ್ಮನಿಯ ಯಾರೋ ಒಬ್ಬ ಡ್ಯೂಕ್. ಈ ಸಲವೂ ಸುಮ್ಮನಿದ್ದರೆ ಅದೇ ಕ್ಲಾಸಿನಲ್ಲಿ ಇನ್ನೊಂದು ವರ್ಷ.

ಪುಸ್ತಕ ತಂದು ಪಾಠ ನಾನೇ ಹೇಳಿಕೊಟ್ಟೆ. ಈ ಕೊಲ್ಲಿ ದೇಶದಲ್ಲಿ ನಮ್ಮಂಥವರಿಗೆ ವೀಸಾ ಕೊಡಿಸಿ, ಬೇಡವಾದರೆ ಕ್ಯಾನ್ಸಲ್ ಮಾಡಿಸುವ ಧಣಿಗೆ ಕಫೀಲ್ ಎನ್ನುತ್ತಾರೆ, ಅದು ಅವಳಿಗೂ ಗೊತ್ತು. "ನೋಡು, ಚಕ್ರವರ್ತಿ ಅಂದ್ರೆ ಡ್ಯೂಕನ ಕಫೀಲ್. ಡ್ಯೂಕ್ ಅಂದ್ರೆ ರೈತರ ಕಫೀಲ್. ಅವನ ಪರ್ಮಿಶನ್ ಇಲ್ದೆ ರೈತ ಊರು ಬಿಡ್ಲಿಕ್ಕಿಲ್ಲ. ಚಕ್ರವರ್ತಿ ಹತ್ರ ಡ್ಯೂಕ್ ಜಗಳ ಮಾಡಿದ್ನಾ, ಖಲಾಸ್, ಕೋಟೆ ಕ್ಯಾನ್ಸಲ್!" ಅವಳು ತಲೆಯಾಡಿಸಿದಳು. "ತಲೆ ಆಡಿಸ್ಬೇಡ, ಬಾಯಿ ಬಿಡು!" ಎಂದು ಕಿರುಚಿದೆ.

ಇಲ್ಲಿನ ರಾಯ್ ಎಂಬ ಕೈಗಾರಿಕಾ ಪ್ರದೇಶದಲ್ಲಿ ಎಸಿ ಡಕ್ಟ್ ಮಾಡುವ ವರ್ಕ್‌ಶಾಪಿನಲ್ಲಿ ನನ್ನ ಕೆಲಸ. ಉಳಿದ ತಗಡು ಬಡಿದು ಎದೆ, ತೋಳು, ಕಾಲು, ತಲೆ ಎಲ್ಲಕ್ಕೂ ಕವಚ ಮಾಡಿದೆ. "ಎಂಥ ಮಾರಾಯ್ರೆ, ಮಂಡೆ ಸಮ ಉಂಟಾ ನಿಮಗೆ? ಮಗು ಕೂತ್ಕೊಳ್ಳುದು ಹೇಗೆ?" ಎಂದಳು ಹೆಂಡತಿ. "ಡ್ಯೂಕ್ ಕೂತ್ಕೊಳ್ಳಿಕ್ಕೆ ಬಂದವನಲ್ಲ, ಆಳ್ಲಿಕ್ಕೆ ಬಂದವನು!" ಎಂದು ಅವಳನ್ನೂ ಗದರಿದೆ. ವೇಷದ ದಿನ ಡ್ಯೂಕನನ್ನು ಕಾರಿನ ಹಿಂದಿನ ಸೀಟಿನಲ್ಲಿ ಅಡ್ಡಡ್ಡ ಮಲಗಿಸಿ ಶಾಲೆಗೆ ಸಾಗಿಸಿದೆವು.

ಅಪ್ಪ ಅಮ್ಮಂದಿರೆಲ್ಲ ಹಿಂದಿನ ಸಾಲಿನಲ್ಲಿದ್ದೆವು. ಹೆಸರು ಕರೆದಾಗ ಅವಳು ಕಟಕಟ ಎಂದು ಸದ್ದು ಮಾಡುತ್ತ ಮುಂದೆ ಹೋಗಿ ನಿಂತಳು. ಒಂದು ನಿಮಿಷವಾಯಿತು, ಎರಡು ನಿಮಿಷವಾಯಿತು, ಮಾತಿಲ್ಲ. "ಸರಿ, ಹೋಗಿ ಕೂತುಕೋ" ಎಂದರು ಟೀಚರ್. ಕೂರುವುದೆಲ್ಲಿ ಬಂತು! ಕುರ್ಚಿಗೆ ಒರಗಿಸಿದರೆ ಸರ್ರನೆ ಜಾರಿದಳು. ಎತ್ತಿ ನಿಲ್ಲಿಸಿದರು. ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ಆಗ ತಗಡಿನೊಳಗಿಂದ ಇಂಗ್ಲಿಷಿನಲ್ಲಿ ಒಂದು ಅಬ್ಬರ ಕೇಳಿಸಿತು: "ನಗಬೇಡಿ! ನಾನು ನಿಮ್ಮೆಲ್ಲರ ಕಫೀಲ್!"

ಆಮೇಲೆ ಅವಳನ್ನು ತಡೆಯುವವರು ಯಾರು? ಕೋಟೆ, ಯುದ್ಧ, ಕುದುರೆಯಿಂದ ಬಿದ್ದದ್ದು, ನರಕಕ್ಕೆ ಹೆದರಿ ಮಠ ಕಟ್ಟಿಸಿದ್ದು, ಎಲ್ಲ ಪಟಪಟನೆ ಹೇಳಿದಳು. ಅಬ್ಬಾ, ಸುಳ್ಳು ಯಾಕೆ ಹೇಳಲಿ, ನನಗೆ ಕಣ್ಣೀರೇ ಬಂತು.

"ನಿನ್ನ ಡ್ಯೂಕ್ ಒಳ್ಳೆಯವನಾ?" ಎಂದು ಟೀಚರ್ ಕೇಳಿದರು.

ಅವಳು ತಲೆಯ ತಗಡನ್ನು ಮೇಲೆತ್ತಿದಳು. "ಒಳ್ಳೆಯವನೇ. ಆದರೆ ಯಾವಾಗಲೂ ಕಿರುಚುತ್ತಿದ್ದ. ಅದಕ್ಕೇ ಅವನ ಮಗಳು ಮಾತಾಡುತ್ತಿರಲಿಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಂಡತಿ ನನ್ನ ಕಡೆ ತಿರುಗಿ ನೋಡಿದಳು. ಪಾಠ ಹೇಳಿಕೊಟ್ಟವನು ನಾನಲ್ಲವೇ, ನನಗೆ ಚೆನ್ನಾಗಿ ಗೊತ್ತಿತ್ತು: ಆ ಡ್ಯೂಕನಿಗೆ ಇದ್ದದ್ದು ಮೂವರು ಗಂಡುಮಕ್ಕಳು ಮಾತ್ರ.